ಕೆಂಪು ತೊಗಲಿನ ಗಾದಿ, ಕರಿ ಮೋಟಾರು

ಮೋಟಾರು ಓಡಿಸುವುದು ಸುಲಭ, ಅದನ್ನು ಹೊಳೆಯುವ ಹಾಗೆ ಇಡುವುದೇ ಕಷ್ಟ ಎಂದು ನಾನು ಹೇಳಿದರೆ ಈಗಿನ ಹುಡುಗರು ನಗುತ್ತಾರೆ. ನಗಲಿ. ನಾನು ಆ ವಾಡೆಯಲ್ಲಿ ಮೋಟಾರಿನ ಚಾಕರಿ ಮಾಡಿದಷ್ಟು ಕಾಲವೂ ಒಂದಿಲ್ಲೊಂದು ನಡೆಯುತ್ತಲೇ ಇತ್ತು. ಬೆಳಿಗ್ಗೆ ಎದ್ದು ಒರೆಸುವ ಬಟ್ಟೆ ಕೈಗೆ ತೆಗೆದುಕೊಳ್ಳುವಾಗಲೇ, ಇವತ್ತು ಇದರ ಹೊಳಪು ಕೆಡಿಸುವ ಪಾಳಿ ಯಾರದೋ ಎಂದುಕೊಳ್ಳುತ್ತಿದ್ದೆ.

ವಾಡೆ ಎಂದರೆ ಧಣಿಗಳ ದೊಡ್ಡ ಮನೆ. ಅದು ಇದ್ದದ್ದು ಬೈಲಹೊಂಗಲಕ್ಕೂ ಸವದತ್ತಿಗೂ ನಡುವಿನ ಎರೆಭೂಮಿಯಲ್ಲಿ. ಜರ್ಮನ್ ಲಡಾಯಿ ಸುರುವಾಗುವ ಮೊದಲಿನ ಮಾತು. ಸುತ್ತಲ ಹಳ್ಳಿಗಳಲ್ಲಿ ಮೋಟಾರು ಕಂಡವರೇ ಕಡಿಮೆ. ನಾನು ಬೆಳಗಾವಿಯಲ್ಲಿ ಒಬ್ಬ ಬಿಳಿ ಸಾಹೇಬರ ಸಾರೋಟು ತೊಳೆಯುತ್ತ, ಆಮೇಲೆ ಅವರ ಮೋಟಾರು ತೊಳೆಯುತ್ತ, ಕೊನೆಗೆ ಅದನ್ನು ಓಡಿಸಲು ಕಲಿತವನು. ಸಾಹೇಬರು ವಿಲಾಯತಿಗೆ ಹೊರಟುಹೋದ ಮೇಲೆ ಈ ಧಣಿಗಳು ನನ್ನನ್ನು ಕರೆಸಿಕೊಂಡರು. ಅವರ ಮೋಟಾರು ಕರಿ ಬಣ್ಣದ್ದು, ಮೇಲೆ ವಾರ್ನಿಶಿನ ಲೇಪ. ದೀಪಗಳು ಹಿತ್ತಾಳೆಯವು. ಕೂರುವ ಗಾದಿ ಕೆಂಪು ತೊಗಲಿನದು, ಒಳಗೆ ಸ್ಪ್ರಿಂಗು. ಬಣ್ಣಕ್ಕೆ ಗೀರು ಬೀಳಬಾರದು, ತೊಗಲಿಗೆ ಬಿರುಕು ಬರಬಾರದು ಎಂಬುದು ಧಣಿಗಳ ಕಟ್ಟಪ್ಪಣೆ.

ಆದರೆ ಅವರು ಮೋಟಾರು ತಂದದ್ದು ಬರೀ ಶೋಕಿಗಲ್ಲ. ಅವರ ತಂಗಿಯನ್ನು ರಾಮದುರ್ಗದ ಕಡೆ, ಸುರೇಬಾನಕ್ಕೆ ಕೊಟ್ಟಿದ್ದರು. ಅವರ ತಾಯಿಯನ್ನು ವಾಡೆಯಲ್ಲಿ ಎಲ್ಲರೂ ಅವ್ವಾರು ಎನ್ನುತ್ತಿದ್ದೆವು. ಅಂಗಳದಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ಆ ಹಿರಿಯಾಕೆಗೆ ಎತ್ತಿನ ಚಕ್ಕಡಿಯ ಕುಲುಕಾಟ ತಡೆಯಲು ಆಗುತ್ತಿರಲಿಲ್ಲ. ಮಗಳಿಗೋ ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ತವರಿಗೆ ಬರಲು ಆಗುತ್ತಿರಲಿಲ್ಲ. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿ ವರ್ಷಗಳಾಗಿದ್ದವು. ಅಲ್ಲಿ ಹುಟ್ಟಿದ ಮೊಮ್ಮಗಳು ಆಗಲೇ ಮನೆ ತುಂಬ ಓಡಾಡುತ್ತಿದ್ದಳಂತೆ. ಸ್ಪ್ರಿಂಗಿನ ಗಾದಿಯ ಮೇಲೆ ಕೂರಿಸಿ, ನೋವಾಗದಂತೆ ಅವ್ವನನ್ನು ಸುರೇಬಾನಕ್ಕೆ ಒಯ್ಯಬೇಕೆಂಬುದು ಮಗನ ಆಸೆ.

ಮೋಟಾರು ಬಂದ ದಿನ ಅವ್ವಾರು ಕೋಲೂರಿಕೊಂಡು ಹೊರಗೆ ಬಂದು, ಸುತ್ತ ನೋಡಿ ಮೆಚ್ಚಿಕೊಂಡರು. ಗಾದಿಯನ್ನು ಬೆರಳಿನಿಂದ ಒತ್ತಿ, ಇದು ಯಾವ ಅರಿವೆ ಎಂದು ಕೇಳಿದರು. ಅರಿವೆಯಲ್ಲ, ತೊಗಲು ಎಂದೆ. ಯಾತರದ್ದು ಎಂದರು. ಧಣಿಗಳು ಆಕಾಶ ನೋಡಿದರು, ನಾನು ನೆಲ ನೋಡಿದೆ. ಅವ್ವಾರು ಕೊರಳಿನ ಲಿಂಗವನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಸತ್ತ ದನದ ತೊಗಲಿನ ಮ್ಯಾಲ ನಾ ಕುಂಡ್ರಂಗಿಲ್ಲಪಾ" ಎಂದು ಹೇಳಿ, ಬೆರಳು ತೊಳೆದುಕೊಳ್ಳಲು ಬಚ್ಚಲಿಗೆ ಹೋದರು.

೧. ಬೈಲಹೊಂಗಲದ ಕನ್ನಡಿ

ವಾರ್ನಿಶಿನ ಮೇಲೆ ಧೂಳು ಕೂತಾಗ ಒಣ ಬಟ್ಟೆ ಹಾಕಬಾರದು. ಧೂಳೇ ಗೀರು ಹಾಕುತ್ತದೆ. ಮೊದಲು ನೀರು ಸುರಿದು ಧೂಳನ್ನು ಇಳಿಸಬೇಕು, ಆಮೇಲೆ ಮೆತ್ತನೆಯ ಬಟ್ಟೆಯಿಂದ ತೇವ ತೆಗೆಯಬೇಕು. ಹೀಗೆ ತೊಳೆದೂ ತೊಳೆದೂ ನಮ್ಮ ಮೋಟಾರಿನ ಬಾಗಿಲಲ್ಲಿ ಮುಖ ಕಾಣುತ್ತಿತ್ತು. ನನಗೆ ಅದೊಂದು ಹೆಮ್ಮೆ. ಬೈಲಹೊಂಗಲದಲ್ಲಿ ಆ ಹೆಮ್ಮೆಯೇ ನನಗೆ ಮುಳುವಾಯಿತು.

ಅಂದು ಸಂತೆ. ಧಣಿಗಳು ಅರಳೆ ಅಂಗಡಿಗೆ ಹೋಗಿದ್ದರು. ನಾನು ಮೋಟಾರನ್ನು ಬೇವಿನ ಗಿಡದ ನೆರಳಿಗೆ ನಿಲ್ಲಿಸಿಕೊಂಡಿದ್ದೆ. ಜನ ಮುತ್ತಿಕೊಂಡರು. ಮುಟ್ಟಬ್ಯಾಡ್ರಿ, ಮುಟ್ಟಬ್ಯಾಡ್ರಿ ಎಂದು ಕೂಗಿ ನನ್ನ ಗಂಟಲು ಒಣಗಿತು. ಜನ ಒಳ್ಳೆಯವರು, ಒಬ್ಬರೂ ಮುಟ್ಟಲಿಲ್ಲ. ಒಬ್ಬ ಬಾಗಿಲಲ್ಲಿ ನೋಡಿಕೊಂಡು ರುಮಾಲು ಸರಿಮಾಡಿಕೊಂಡ. ಇನ್ನೊಬ್ಬ ಬಾಯಿ ತೆರೆದು ಹಲ್ಲಿನ ಸಂದಿಯ ಅಡಿಕೆ ಚೂರು ತೆಗೆದುಕೊಂಡ. ಹೊಸ ಬಳೆ ಇಡಿಸಿಕೊಂಡು ಬಂದ ಹೆಣ್ಣುಮಕ್ಕಳು ಕೈ ಎತ್ತಿ ಎತ್ತಿ ನೋಡಿಕೊಂಡರು. ಇಷ್ಟೇ ತಾನೇ ಎಂದು ನಾನು ನೀರು ಕುಡಿಯಲು ಹೋದೆ.

ಬಂದು ನೋಡಿದರೆ, ಸಂತೆಯಲ್ಲಿ ಕೂರುವ ಕ್ಷೌರದವನು ನಮ್ಮ ಬಾಗಿಲ ಮುಂದೆ ಮಣೆ ಹಾಕಿ, ಗಿರಾಕಿಯನ್ನು ಕೂರಿಸಿ, ಅವನ ಅರ್ಧ ಗಡ್ಡ ಹೆರೆದು ಮುಗಿಸಿದ್ದ. ಹಿಂದೆ ಇನ್ನಷ್ಟು ಜನ ಪಾಳಿ ಹಚ್ಚಿ ಕೂತಿದ್ದರು. ನಾನು ಹೌಹಾರಿ ಕೂಗಾಡಿದೆ. ಅವನು ಕತ್ತಿಯನ್ನು ಅಂಗೈ ಮೇಲೆ ಮಸೆಯುತ್ತ ತಣ್ಣಗೆ ಕೇಳಿದ: "ಕೈ ಹಚ್ಚಿಲ್ಲರೀ ಅಣ್ಣಾರ. ಬರೇ ನೋಡಾಕ ಹತ್ತೇವಿ. ನೋಡಿದರ ಬಣ್ಣಾ ಸವೀತೈತೇನ್ರಿ?"

ಅಷ್ಟರಲ್ಲಿ ಧಣಿಗಳು ಬಂದರು. ಇನ್ನು ಇವನ ಗತಿ ಮುಗಿಯಿತು ಎಂದುಕೊಂಡು ನಾನು ಎಲ್ಲವನ್ನೂ ಒಪ್ಪಿಸಿದೆ. ಧಣಿಗಳು ಕ್ಷೌರದವನನ್ನು ನೋಡಿದರು. ಅರ್ಧ ಗಡ್ಡದವನನ್ನು ನೋಡಿದರು. ಆಮೇಲೆ ಬಗ್ಗಿ ಬಾಗಿಲು ನೋಡಿದರು, ಅಲ್ಲಿ ಅವರ ಮುಖ ಕಂಡಿತು. ಎಡಗಡೆಯ ಮೀಸೆಯನ್ನು ಒಮ್ಮೆ ಎಳೆದುಕೊಂಡು, "ಇವಂದು ಮುಗೀಲಿ, ಆಮ್ಯಾಲ ನಂದೂ ಒಂದೀಟು ಸಮಾ ಮಾಡಪಾ" ಎಂದರು.

೨. ಒಳಗಿನ ಹಿತ್ತಾಳೆ

ಬಣ್ಣ ನನ್ನ ಪಾಲು, ದೀಪ ಬೇರೆಯವರ ಪಾಲಾಗಿತ್ತು. ಹಿತ್ತಾಳೆ ತಿಕ್ಕುವುದರಲ್ಲಿ ವಾಡೆಯ ಅಡಿಗೆಮನೆಯ ಅಕ್ಕನನ್ನು ಮೀರಿಸುವವರಿರಲಿಲ್ಲ. ಹುಣಸೆಹಣ್ಣು, ಬೂದಿ, ತೆಂಗಿನ ನಾರು ತೆಗೆದುಕೊಂಡು ಕೂತಳೆಂದರೆ ಕೊಡ ಬಂಗಾರವಾಗುತ್ತಿತ್ತು. ಹಾಗಾಗಿ ಮೋಟಾರಿನ ದೀಪ ತಿಕ್ಕಿಕೊಡಲು ಅವಳನ್ನೇ ಕೇಳಿಕೊಂಡೆವು.

ದೀಪ ಫಳಫಳ ಹೊಳೆದವು. ನಾನು ಹೊಗಳಿದೆ. ಹೊಗಳಿ, ಗಾಲಿಗೆ ಗಾಳಿ ಹಾಕಲು ಹಿಂದೆ ಹೋದೆ. ಸ್ವಲ್ಪ ಹೊತ್ತಿಗೆ ಮುಂದಿನಿಂದ ಚರಚರ ಎಂಬ ಸದ್ದು ಬಂತು. ಓಡಿ ಬಂದರೆ ಅಕ್ಕ ಸೀರೆ ಎತ್ತಿ ಕಟ್ಟಿಕೊಂಡು, ಗಾಲಿಯ ಮೇಲಿನ ಕರಿ ರೆಕ್ಕೆಗೆ ಬೂದಿ ಬಡಿದು, ನಾರಿನಿಂದ ತಿಕ್ಕುತ್ತಿದ್ದಳು. ಅಂಗೈ ಅಗಲದಷ್ಟು ವಾರ್ನಿಶು ಎದ್ದುಹೋಗಿತ್ತು. ನಾನು ಅವಳ ಕೈ ಹಿಡಿದು ನಿಲ್ಲಿಸಿದೆ, ಅಳುವುದೊಂದು ಬಾಕಿ.

ಅವಳ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ದೀಪ ಹಿತ್ತಾಳೆಯದು ಅಂದ ಮೇಲೆ ಅದಕ್ಕೆ ಹತ್ತಿಕೊಂಡಿರುವ ಮೈಯೂ ಹಿತ್ತಾಳೆಯದೇ. ಮೋಟಾರು ಹೊಗೆ ಬಿಡುತ್ತದೆ ಎಂದು ಊರಿಗೆಲ್ಲ ಗೊತ್ತು. ಹೊಗೆ ಬಿಡುವಂಥದ್ದು ಒಲೆಯ ಮೇಲಿನ ಪಾತ್ರೆಯಂತೆ ಕರ್ರಗಾಗುವುದು ಸಹಜ. ಇಷ್ಟು ದಿನ ಗಂಡಸರು ಬರೀ ನೀರು ಸುರಿದು ಮಸಿಯ ಮೇಲೆಯೇ ಒರೆಸುತ್ತಿದ್ದಾರೆ ಎಂದು ಅವಳಿಗೆ ಮರುಕ ಬಂದಿತ್ತು.

ಇದು ಮಸಿಯಲ್ಲ, ಬಣ್ಣ ಎಂದು ನಾನು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಎದ್ದು ಕೈ ತೊಳೆದುಕೊಂಡು ಹೋಗುವಾಗ ನನ್ನ ಕಡೆ ನೋಡಿ, "ತಳಾ ಹತ್ತಿದ್ದು ಭಾಳ ಐತಿ. ಇನ್ನೊಂದೀಟು ತಿಕ್ಕಿದ್ರ ಹಿತ್ತಾಳಿ ಬರತಿತ್ತು, ನೀ ಕೈ ಹಿಡದಿ" ಎಂದಳು.

೩. ಎತ್ತಿನ ಮನೆ

ದನದ ಉಚ್ಚೆಯ ಘಾಟು ತಗಲಿದರೆ ವಾರ್ನಿಶು ಮಂಕಾಗುತ್ತದೆ. ಇದು ಸಾರೋಟು ತೊಳೆಯುತ್ತಿದ್ದ ಕಾಲದಿಂದ ನನಗೆ ಗೊತ್ತಿದ್ದ ಮಾತು. ಧಣಿಗಳಿಗೆ ಹೇಳಿದೆ. ಹೇಳಿದ್ದೇ ತಡ, ಹಂಚು ಹೊದಿಸಿದ ದೊಡ್ಡ ಕೊಟ್ಟಿಗೆಯನ್ನು ಮೋಟಾರಿಗೆ ಬಿಡಿಸಿ, ಎತ್ತುಗಳನ್ನು ಹಿತ್ತಿಲ ಛಪ್ಪರಕ್ಕೆ ಕಟ್ಟುವಂತೆ ಅಪ್ಪಣೆಯಾಯಿತು.

ಎತ್ತು ನೋಡಿಕೊಳ್ಳುತ್ತಿದ್ದವನು ಧಣಿಗಳ ತಂದೆಯ ಕಾಲದ ಮುದುಕ. ನಾನು ಅವನಿಗೆ ಕಾಕಾ ಎನ್ನುತ್ತಿದ್ದೆ. ಅವನು ಎದುರಾಡಲಿಲ್ಲ. ಎತ್ತುಗಳನ್ನು ಬಿಚ್ಚಿಕೊಂಡು ಹೋದ, ಅಷ್ಟೇ. ಆದರೆ ನನ್ನ ಸಂಗಡ ಮಾತು ಬಿಟ್ಟ. ಮೋಟಾರಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹಬ್ಬಕ್ಕೊಂದು ಹುಣ್ಣಿಮೆಗೊಂದು ದಿನ ಹೊರಗೆ ಬರುವ ಈ ಮೈಗಳ್ಳನಿಗಾಗಿ ದುಡಿಯುವ ಎತ್ತು ಹೊರಗೆ ಮಲಗಬೇಕೆ ಎಂಬುದು ಅವನ ಸಂಕಟ. ನನಗೂ ಒಳಗೊಳಗೆ ಹೌದೆನ್ನಿಸುತ್ತಿತ್ತು.

ಒಂದು ಮುಂಜಾನೆ ಕಾಕಾ ಕೊಟ್ಟಿಗೆಗೆ ಬಂದವನು ಮೋಟಾರಿನ ಕೆಳಗೆ ಬಗ್ಗಿ ನೋಡಿದ. ನೆಲ ಒದ್ದೆಯಾಗಿತ್ತು. ಯಂತ್ರದ ಎಣ್ಣೆ ಸೋರಿತ್ತು, ಆ ಕಾಲದ ಮೋಟಾರುಗಳೆಲ್ಲ ಸೋರುತ್ತಿದ್ದವು. ಕಾಕಾ ಬೆರಳು ಅದ್ದಿ ಮೂಸಿದ. ಮುಖ ಅರಳಿತು. ಸೀದಾ ಹೋಗಿ ಹಲ್ಲುಜ್ಜುತ್ತಿದ್ದ ಧಣಿಗಳನ್ನು ಕರೆತಂದು ತೋರಿಸಿದ. "ಧಣ್ಯಾರ, ಇದೂ ಹೊಯ್ತೈತ್ರಿ. ನ್ಯಾಯ ಎಲ್ಲಾರಿಗೂ ಒಂದ ಅಂತೀರಲ್ಲ, ಇದನ್ನೂ ಛಪ್ಪರಕ್ಕ ಕಟ್ಟರಿ" ಎಂದ.

ಧಣಿಗಳು ಬಾಯಿಯ ನೀರು ಉಗುಳಲಾರದೆ ನಕ್ಕರು. ಎತ್ತುಗಳಿಗೆ ಬೇರೊಂದು ಹಂಚಿನ ಮನೆ ಎದ್ದಿತು. ಕಾಕಾನ ಸಿಟ್ಟು ಇಳಿಯಿತು. ಇಳಿದದ್ದಷ್ಟೇ ಅಲ್ಲ, ಅಂದಿನಿಂದ ಅವನಿಗೆ ಮೋಟಾರಿನ ಮೇಲೆ ಒಂದು ಬಗೆಯ ಅಂತಃಕರಣ ಹುಟ್ಟಿತು. ದಿನಾ ಬೆಳಿಗ್ಗೆ ಅದರ ಕೆಳಗೆ ಬೂದಿ ಹಾಕಿ ಬಳಿಯುತ್ತಿದ್ದ, ಬೆನ್ನು ತಟ್ಟುತ್ತಿದ್ದ. ತಟ್ಟಿ ನನಗೆ ಹೇಳುತ್ತಿದ್ದ: "ನೀ ಇದಕ್ಕ ಬೈಯಬ್ಯಾಡ. ಪಾಪ, ವಯಸ್ಸು ಸಣ್ಣದು, ತಡಕೊಳ್ಳಾಕ ಆಗೂದಿಲ್ಲ."

೪. ತುಪ್ಪದ ಬುದ್ಲಿ

ಈ ನಡುವೆ ಅವ್ವಾರನ್ನು ಒಪ್ಪಿಸುವ ಕೆಲಸ ನಡೆದೇ ಇತ್ತು. ಧಣಿಗಳು ಮೊದಲು ಗಾದಿಯ ಮೇಲೆ ಕರಿ ಕಂಬಳಿ ಹಾಸಿದರು. ಕಂಬಳಿಗೆ ಮೈಲಿಗೆ ಇಲ್ಲವೆಂದು ಎಲ್ಲರೂ ಬಲ್ಲರು. ಅವ್ವಾರೂ ಬಲ್ಲರು. ಆದರೆ, ಮುಳ್ಳಿನ ಮೇಲೆ ಸೀರೆ ಹಾಸಿದರೆ ಮುಳ್ಳು ಹೋಗುತ್ತದೆಯೇ ಎಂದು ಕೇಳಿ ಒಳಗೆ ಹೋದರು.

ಆಮೇಲೆ ತೊಗಲಿನ ಗಾದಿಯನ್ನೇ ಬಿಚ್ಚಿಸಿ, ಹಲಗೆ ಬಡಿಸಿ, ಮೇಲೆ ಹೊಸ ಅರಳೆಯ ಗಾದಿ ಹಾಸಿಸಿದರು. ಅವ್ವಾರು ಸಂತೋಷದಿಂದ ಏರಿ ಕೂತರು. ನಾನು ಅಂಗಳದಲ್ಲಿಯೇ ಮೆಲ್ಲಗೆ ಒಂದು ಸುತ್ತು ಹೊಡೆದೆ. ತುಳಸಿಕಟ್ಟೆ ದಾಟುವಷ್ಟರಲ್ಲಿ ಅವರ ಕಣ್ಣಲ್ಲಿ ನೀರು ಬಂತು. ಸ್ಪ್ರಿಂಗಿಲ್ಲದ ಹಲಗೆ ಚಕ್ಕಡಿಗಿಂತ ಕಡೆಯಾಗಿತ್ತು. ಅವರನ್ನು ಇಳಿಸಿಕೊಳ್ಳುವಾಗ ಧಣಿಗಳ ಮುಖ ನೋಡಲು ಆಗಲಿಲ್ಲ. ಮರುದಿನ ತೊಗಲಿನ ಗಾದಿ ಮತ್ತೆ ಹತ್ತಿತು.

ಉಳಿದದ್ದು ವಾದ. ಆ ಕಾಲದಲ್ಲಿ ಪೇಟೆಯ ತುಪ್ಪ ಬರುತ್ತಿದ್ದದ್ದು ಬುದ್ಲಿಯಲ್ಲಿ. ಬುದ್ಲಿ ಎಂದರೆ ತೊಗಲಿನ ಕೊಡ. ಊಟಕ್ಕೆ ಕೂತಾಗ ಧಣಿಗಳು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡು, ದೊಡ್ಡ ವಕೀಲರ ಹಾಗೆ ಮಾತು ತೆಗೆದರು. "ಅವ್ವಾ, ಈ ತುಪ್ಪ ಯಾತರಾಗ ಬಂದೈತಿ? ಬುದ್ಲಿಯೊಳಗ. ಬುದ್ಲಿ ತೊಗಲಿಂದ ಹೌದಲ್ಲೋ? ತಿನ್ನಾಕ ಬರತೈತಿ, ಕುಂಡ್ರಾಕ ಬರೂದಿಲ್ಲೇನು?"

ಅವ್ವಾರು ಕೈಯ ತುತ್ತನ್ನು ಕೆಳಗಿಟ್ಟು ತುಪ್ಪದ ಪಾತ್ರೆಯನ್ನು ನೋಡಿದರು. ಮಗ ಗೆದ್ದೆನೆಂದುಕೊಂಡ. ಆಮೇಲೆ ಅವ್ವಾರು, ಒಳ್ಳೆಯ ಮಾತು ಹೇಳಿದಿ, ಇಷ್ಟು ದಿನ ನನಗೆ ಹೊಳೆದೇ ಇರಲಿಲ್ಲ ಎಂದು ಹೇಳಿ ತುಪ್ಪದ ಪಾತ್ರೆಯನ್ನು ಒಳಗೆ ಕಳಿಸಿದರು. ಅಂದಿನಿಂದ ವಾಡೆಗೆ ಪೇಟೆಯ ತುಪ್ಪ ಬರುವುದು ನಿಂತಿತು. ಮನೆಯ ಎಮ್ಮೆಗಳು ಆಗ ಬತ್ತಿದ್ದವು. ಧಣಿಗಳಿಂದ ಹಿಡಿದು ನನ್ನವರೆಗೆ ಎಲ್ಲರೂ ಒಣ ಹೋಳಿಗೆ ತಿಂದೆವು.

ಇನ್ನೊಂದು ವಾದ ನನ್ನ ನಾಲಿಗೆಯ ತುದಿಯಲ್ಲಿತ್ತು. ತೋಟದ ಬಾವಿಯ ನೀರನ್ನು ಎತ್ತುಗಳು ಎಳೆಯುತ್ತಿದ್ದದ್ದೂ ತೊಗಲಿನ ಚೀಲದಲ್ಲಿಯೇ. ಆದರೆ ನಾನು ಬಾಯಿ ಬಿಡಲಿಲ್ಲ. ಅದನ್ನೂ ಅವ್ವಾರು ಒಪ್ಪಿಬಿಟ್ಟಿದ್ದರೆ ನಿಂತ ಕಬ್ಬು ಒಣಗುತ್ತಿತ್ತು.

೫. ಕಿತ್ತೂರಿಗೆ ಹೋದ ಧೋತರ

ಬೇಸಗೆಯಲ್ಲಿ ತೊಗಲು ಒಣಗಿ ಬಿರಿಯುತ್ತದೆ. ವಾರಕ್ಕೊಮ್ಮೆ ಒಂದು ಹನಿ ಔಡಲೆಣ್ಣೆಯನ್ನು, ಅಂದರೆ ಹರಳೆಣ್ಣೆಯನ್ನು, ಬಟ್ಟೆಗೆ ಹಚ್ಚಿ ಸವರಿ, ಆಮೇಲೆ ಒಣ ಬಟ್ಟೆಯಿಂದ ಉಜ್ಜಿದರೆ ಸಾಕು. ಧಣಿಗಳಿಗೆ ಈ ಜಿಪುಣತನ ಹಿಡಿಸಲಿಲ್ಲ. ಒಂದು ಹನಿಗೆ ಇಷ್ಟು ಹೊಳಪಾದರೆ ಒಂದು ತಂಬಿಗೆಗೆ ಎಷ್ಟಾಗಬೇಡ ಎಂದು, ನಾನು ಊರಲ್ಲಿಲ್ಲದ ದಿನ ತಾವೇ ಕೂತು ಕುಸುಬಿ ಎಣ್ಣೆ ಸುರಿದು ಗಾದಿಗೆ ಅಭ್ಯಂಜನ ಮಾಡಿಸಿದರು.

ಮರುದಿನ ಕಿತ್ತೂರಿನಲ್ಲಿ ಪಂಚಾಯ್ತಿ. ಅಣ್ಣತಮ್ಮಂದಿರ ಒಂದು ಜಗಳ ಬಗೆಹರಿಸಲು ಧಣಿಗಳನ್ನು ಕರೆದಿದ್ದರು. ಅವರು ಬೆಳ್ಳನೆಯ ಧೋತರ ಉಟ್ಟು ಗಾದಿಯ ಮೇಲೆ ಕೂತರು. ಬಿಸಿಲಿಗೆ ಎಣ್ಣೆ ಕುದಿಯಿತು, ತೊಗಲಿನ ಕೆಂಪು ಬಿಟ್ಟುಕೊಂಡಿತು. ಕಿತ್ತೂರಿನಲ್ಲಿ ಇಳಿದು ಅವರು ನಡೆದು ಹೋಗುವಾಗ ನಾನು ಹಿಂದಿನಿಂದ ನೋಡಿದೆ. ಧೋತರದ ಹಿಂಭಾಗ ಪೂರಾ ಕೆಂಪು. ಕೂಗಿ ಹೇಳೋಣವೆಂದರೆ ಸುತ್ತಲೂ ದೊಡ್ಡ ಮಂದಿ. ಅಷ್ಟರಲ್ಲಿ ಅವರು ಒಳಗೆ ಹೋಗಿಬಿಟ್ಟರು.

ಕಿತ್ತೂರಿನವರು ಮರ್ಯಾದಸ್ಥರು. ಯಾರೂ ಆ ಮಾತು ಎತ್ತಲಿಲ್ಲ. ಇವರಿಗೆ ಮೂಲವ್ಯಾಧಿ ಕೆರಳಿದೆ, ಆದರೂ ನಮಗಾಗಿ ಇಷ್ಟು ದೂರ ಬಂದಿದ್ದಾರೆ ಎಂದು ಎಲ್ಲರೂ ಒಳಗೊಳಗೆ ಕರಗಿದರು. ಒಬ್ಬರು ಮೆತ್ತನೆಯ ದಿಂಬು ತಂದು ಕೊಟ್ಟರು. ಒಬ್ಬರು ಮಜ್ಜಿಗೆ ಕುಡಿಸಿದರು. ಊಟದಲ್ಲಿ ಧಣಿಗಳ ಎಲೆಗೆ ಮಾತ್ರ ಖಾರ ಬಡಿಸಲಿಲ್ಲ. ವರ್ಷಗಟ್ಟಲೆ ಬಡಿದಾಡುತ್ತಿದ್ದ ಅಣ್ಣತಮ್ಮಂದಿರು, ಈ ಪುಣ್ಯಾತ್ಮನನ್ನು ಹೆಚ್ಚು ಹೊತ್ತು ಕೂರಿಸಬಾರದೆಂದು ಬೇಗ ಬೇಗ ರಾಜಿಯಾದರು. ಹೊರಡುವಾಗ ಮನೆಯ ಹಿರಿಯರು, ಇದು ಹೊಟ್ಟೆಗೆ ಬಹಳ ಒಳ್ಳೆಯದು ಎಂದು ಒಂದು ಬುಟ್ಟಿ ಸುವರ್ಣಗಡ್ಡೆಯನ್ನು ಮೋಟಾರಿನಲ್ಲಿ ಇಡಿಸಿದರು.

ದಾರಿಯಲ್ಲಿ ಧಣಿಗಳಿಗೆ ಸಂತೋಷ ಹಿಡಿಸಲಾರದಷ್ಟಾಗಿತ್ತು. ತಮ್ಮ ಮಾತಿನ ಬಲದಿಂದಲೇ ಜಗಳ ಮುಗಿಯಿತೆಂದು ತಿಳಿದಿದ್ದರು. ನಾನು ಕೆಡಿಸಲು ಹೋಗಲಿಲ್ಲ. ವಾಡೆಯಲ್ಲಿ ಇಳಿದಾಗ ಅವ್ವಾರು ಬಾಗಿಲಲ್ಲಿ ನಿಂತಿದ್ದರು. ಮಗನ ಧೋತರ ನೋಡಿದರು, ಗಾದಿ ನೋಡಿದರು. ತೊಗಲಿನ ಮೇಲೆ ಕೂರುವ ಮಾತು ಇನ್ನು ಎತ್ತಲೇಬೇಡ ಎಂದರು. "ಸತ್ತು ಇಷ್ಟ ದಿನಾ ಆದ್ರೂ ಅದರ ರಕ್ತಾ ಇನ್ನಾ ನಿಂತಿಲ್ಲ ನೋಡು."

೬. ಕಾರಹುಣ್ಣಿಮೆ

ಕಾರಹುಣ್ಣಿಮೆ ಬಂತು. ಎತ್ತುಗಳ ಹಬ್ಬ ಅದು. ಆ ಹಬ್ಬ ಮುಗಿಯಿತೆಂದರೆ ಮಳೆ ಹಿಡಿಯುತ್ತದೆ, ಹೊಳೆ ತುಂಬುತ್ತದೆ, ಎರೆಮಣ್ಣಿನ ದಾರಿಯಲ್ಲಿ ದಸರೆಯವರೆಗೆ ಮೋಟಾರು ಕದಲುವಂತಿಲ್ಲ. ಸುರೇಬಾನದಿಂದ ಬಂದವರೊಬ್ಬರು, ಮಗಳು ಅವ್ವನನ್ನು ನೆನೆದು ಉಣ್ಣುವಾಗಲೂ ಅಳುತ್ತಾಳೆ ಎಂದು ಹೇಳಿಹೋಗಿದ್ದರು. ಅದನ್ನು ಕೇಳಿದ ದಿನದಿಂದ ಅವ್ವಾರ ಊಟವೂ ಅರ್ಧಕ್ಕೆ ನಿಂತಿತ್ತು. ಆದರೂ ಗಾದಿಯ ಮಾತಿಗೆ ತಲೆ ಅಲ್ಲಾಡಿಸುತ್ತಿದ್ದರು. ಧಣಿಗಳು ಸ್ವತಃ ಹೋಗಿ ತಂಗಿಗೆ ಸಮಾಧಾನ ಹೇಳಿ ಬರುವುದೆಂದು ಹಬ್ಬದ ದಿನವೇ ಹೊರಡಲು ನಿಶ್ಚಯಿಸಿದರು.

ನಾನು ಬೆಳಿಗ್ಗೆಯೇ ಮೋಟಾರು ತೊಳೆದು, ಯಂತ್ರ ತಿರುಗಿಸಿ ನೋಡಿ, ಅಂಗಳದ ಬೇವಿನ ಕೆಳಗೆ ನಿಲ್ಲಿಸಿ, ಹೊಟ್ಟೆಗೆ ಒಂದಿಷ್ಟು ಹಾಕಿಕೊಳ್ಳಲು ಹೋದೆ. ಕೈ ಒರೆಸುತ್ತ ಹೊರಗೆ ಬಂದವನು ಅಲ್ಲಿಯೇ ನಿಂತೆ. ಎತ್ತುಗಳೆಲ್ಲ ಮೈ ತೊಳೆಸಿಕೊಂಡು, ಕೋಡಿಗೆ ಬಣ್ಣ ಹಚ್ಚಿಸಿಕೊಂಡು, ಗೊಂಡೆ ಗೆಜ್ಜೆ ಕಟ್ಟಿಸಿಕೊಂಡು ಸಾಲಾಗಿ ನಿಂತಿದ್ದವು. ಸಾಲಿನ ಕೊನೆಗೆ ಮೋಟಾರು ನಿಂತಿತ್ತು. ಕಾಕಾ ಅದರ ರೆಕ್ಕೆಗಳಿಗೆ ಹುರಮಂಜಿನ ಕೆಂಪು ಬಣ್ಣ ಬಳಿದಿದ್ದ. ಬಾಗಿಲಿನ ತುಂಬ ಕೆಂಪು ಅಂಗೈ ಮುದ್ರೆ ಒತ್ತಿದ್ದ. ಮುಂದಿನ ಮೂತಿಗೆ ವಿಭೂತಿ ಎಳೆದಿದ್ದ. ದೀಪಗಳಿಗೆ ಗೊಂಡೆ, ಕೊರಳೆಂದು ಅವನಿಗೆ ತೋಚಿದ ಕಡೆ ದೊಡ್ಡ ಗಂಟೆ, ಬೆನ್ನಿನ ಮೇಲೆ ಕಸೂತಿ ಬಟ್ಟೆಯ ಜೂಲು.

ಕೈಯಲ್ಲಿ ಬಿದಿರಿನ ಗೊಟ್ಟ ಹಿಡಿದು ಅವನು ಮೋಟಾರಿನ ಸುತ್ತ ತಿರುಗುತ್ತಿದ್ದ. ಹಬ್ಬದ ದಿನ ಆ ಗೊಟ್ಟದಿಂದಲೇ ಎತ್ತುಗಳಿಗೆ ಎಣ್ಣೆ ಅರಿಷಿಣದ ಔಷಧ ಕುಡಿಸುವುದು. ನನ್ನನ್ನು ಕಂಡು, "ಛಲೋ ಬಂದಿ. ಉಳದಾವಕ್ಕೆಲ್ಲಾ ಕುಡಸೇನಿ. ಇದರ ಬಾಯಿ ಎಲ್ಲೈತಿ?" ಎಂದ.

ಅಷ್ಟರಲ್ಲಿ ಧಣಿಗಳು ಬಂದರು. ಅವರ ಮುಖದ ಬಣ್ಣ ಇಳಿಯಿತು. ಅದನ್ನು ಕಂಡ ಕಾಕಾನಿಗೆ ಏನೋ ತಪ್ಪಾಗಿದೆ ಎಂದು ಹೊಳೆಯಿತು. ಗೊಟ್ಟವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಎಲ್ಲಾ ಎತ್ತಿಗೂ ಹಬ್ಬ ಮಾಡಿ ಇದೊಂದನ್ನು ಬೋಳು ನಿಲ್ಲಿಸಲು ಮನಸ್ಸು ಬರಲಿಲ್ಲ ಎಂದು ಮೆಲ್ಲಗೆ ಹೇಳಿದ. ಧಣಿಗಳು ಬಾಯಿ ತೆರೆದರು. ಆದರೆ ಅವ್ವಾರು ಆರತಿ ತಟ್ಟೆ ಹಿಡಿದು ಹೊರಗೆ ಬಂದರು. ಮನೆಯ ಹಿರಿಯಾಕೆ ಎತ್ತಿನ ಪೂಜೆ ಮಾಡುವಾಗ ನಡುವೆ ಯಾರೂ ಮಾತಾಡುವಂತಿಲ್ಲ.

ಅವ್ವಾರು ಒಂದೊಂದೇ ಎತ್ತಿನ ಕಾಲಿಗೆ ನೀರು ಹಾಕಿ, ಹಣೆಗೆ ಕುಂಕುಮ ಇಟ್ಟು, ಕೋಡಿಗೆ ಕೋಡುಬಳೆ ಸಿಕ್ಕಿಸಿ, ಆರತಿ ಬೆಳಗುತ್ತ ಬಂದರು. ಸಾಲಿನ ಕೊನೆಯಲ್ಲಿ ಮೋಟಾರನ್ನೂ ಬಿಡಲಿಲ್ಲ. ಮುಂದಿನ ಗಾಲಿಗಳಿಗೆ ನೀರು ಹಾಕಿದರು, ದೀಪಕ್ಕೆ ಕೋಡುಬಳೆ ಏರಿಸಿದರು. ಆರತಿ ಮುಗಿಸಿ ಅದರ ಬೆನ್ನಿನ ಮೇಲೆ ಕೈ ಇಟ್ಟರು. ಕೈ ಇಟ್ಟವರು ತೆಗೆಯಲಿಲ್ಲ. ನಾನು ಬೆಳಿಗ್ಗೆ ತಿರುಗಿಸಿದ ಯಂತ್ರದ ಕಾವು ಇನ್ನೂ ಆರಿರಲಿಲ್ಲ. "ಇದರ ಮೈ ಬಿಸಿ ಐತಿ" ಎಂದರು.

ಇರುತ್ತದೆ ಎಂದ ಕಾಕಾ. ನೀರು ಕುಡಿಯುತ್ತದೆ, ಉಸಿರು ಬಿಡುತ್ತದೆ, ಕೂಗುತ್ತದೆ, ಅದೊಂದು ಹೊಯ್ಯುವುದೂ ಇದೆ, ನಮ್ಮ ಎತ್ತಿನಲ್ಲಿ ಇದೂ ಒಂದು ಎಂದು ಸಾಕ್ಷಿ ಹೇಳಿದ. ಅವ್ವಾರು ಮೋಟಾರನ್ನು ಮುಂದಿನಿಂದ ಹಿಂದಿನವರೆಗೆ ಹೊಸದಾಗಿ ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು.

"ಶಿವಾ ಎದರ ಮ್ಯಾಲ ಕುಂಡ್ರತಾನು?"

"ಬಸವಣ್ಣನ ಮ್ಯಾಲ" ಎಂದರು ಧಣಿಗಳು.

"ಬಸವಣ್ಣನ ಬೆನ್ನು ತೊಗಲಿಂದ ಅಲ್ಲೇನು? ಸತ್ತದ್ದರ ತೊಗಲಿಗೆ ಮೈಲಿಗಿ. ಜೀವ ಇದ್ದದ್ದರ ತೊಗಲಿಗೆ ಎಲ್ಲಿ ಮೈಲಿಗಿ? ಬಾಗಲಾ ತಗಿ."

ಅಂಥ ಧಣಿಗಳು, ಬಾಗಿಲು ಮುಟ್ಟಿದವರ ಕೈ ಚೊಕ್ಕಟವಿದೆಯೇ ಎಂದು ನೋಡುತ್ತಿದ್ದವರು, ಹುರಮಂಜಿನ ಬಾಗಿಲನ್ನು ಎರಡೂ ಕೈಯಿಂದ ತೆರೆದು ಹಿಡಿದರು. ಅವ್ವಾರು ಕೂತರು. ಗಾದಿ ಅವರನ್ನು ಮೆಲ್ಲಗೆ ಇಳಿಸಿಕೊಂಡಿತು. ಹೊರಡುವ ಮುನ್ನ ಬಾಗಿಲನ್ನಾದರೂ ಒರೆಸೋಣವೆಂದು ನಾನು ಬಟ್ಟೆ ತೆಗೆದೆ. ಎತ್ತಿನ ಹಬ್ಬದ ಬಣ್ಣ ಒರೆಸಿದರೆ ಇಲ್ಲಿಯೇ ಇಳಿಯುತ್ತೇನೆ ಎಂದು ಅವ್ವಾರು ಒಳಗಿನಿಂದ ಹೇಳಿದರು. ಧಣಿಗಳು ನನ್ನ ಕೈಯ ಬಟ್ಟೆ ಕಸಿದು ಬೇವಿನ ಗಿಡದ ಮೇಲೆ ಎಸೆದರು.

ಹಾಗೆಯೇ ಹೋದೆವು. ಸವದತ್ತಿಯ ಪೇಟೆಯಲ್ಲಿ ಗಂಟೆ ಢಣಢಣ ಬಾರಿಸುತ್ತ, ಗೊಂಡೆ ಕುಣಿಸುತ್ತ, ಜೂಲು ಹಾರಿಸುತ್ತ ನಮ್ಮ ಮೋಟಾರು ನಡೆದಾಗ ಧಣಿಗಳು ರುಮಾಲಿನ ಸೆರಗನ್ನು ಮುಖಕ್ಕೆ ಹಿಡಿದುಕೊಂಡು, ಧೂಳು ಬಹಳ ಎಂದರು. ಹಿಂದೆ ಅವ್ವಾರು ಕೈ ಮುಗಿದವರಿಗೆಲ್ಲ ಕೈ ಮುಗಿಯುತ್ತಿದ್ದರು. ಒಮ್ಮೆಯೂ ಸೊಂಟ ಎನ್ನಲಿಲ್ಲ. ಹೊಳೆಯಲ್ಲಿ ಮೊಣಕಾಲುದ್ದ ನೀರು, ಸುಖವಾಗಿ ದಾಟಿದೆವು.

ಸುರೇಬಾನ ಮುಟ್ಟಿದಾಗ ಹೊತ್ತು ಇಳಿದಿತ್ತು. ಊರಬಾಗಿಲ ಅಗಸಿಯಲ್ಲಿ ಕರಿ ಹರಿಯುವ ಗದ್ದಲ. ಬೇವಿನ ತೋರಣದ ಹಗ್ಗ ಅಡ್ಡ ಕಟ್ಟಿ, ಅದನ್ನು ಹರಿಯಲು ಎತ್ತುಗಳನ್ನು ಓಡಿಸುತ್ತಾರೆ. ಬಿಳಿ ಎತ್ತು ಮೊದಲು ಹರಿದರೆ ಆ ವರ್ಷ ಜೋಳ, ಅರಳೆಯಂಥ ಬಿಳಿ ಬೆಳೆ ಹುಲುಸು, ಕೆಂದೆತ್ತು ಹರಿದರೆ ಕೆಂಪು ಬೆಳೆ. ಎತ್ತು ಬಿಡುವ ಹೊತ್ತಿಗೆ ಸರಿಯಾಗಿ ನಾವು ಇಳಿಜಾರಿನಲ್ಲಿ ಬಂದೆವು. ನಾನು ಬ್ರೇಕು ಒತ್ತಿದೆ, ಹಿಡಿಯಲಿಲ್ಲ. ಹಗ್ಗ ಹರಿದುಕೊಂಡು ಮೋಟಾರು ಊರೊಳಗೆ ನುಗ್ಗಿತು. ಏಟು ಬೀಳುತ್ತವೆ ಎಂದು ನಾನು ತಲೆ ಬಗ್ಗಿಸಿದೆ. ಆದರೆ ಹಿರಿಯರು ಹಬ್ಬದ ಅಲಂಕಾರ ನೋಡಿ ಇದೂ ಒಂದು ಎತ್ತೆಂದು ಒಪ್ಪಿಕೊಂಡಿದ್ದರು. ಗೆದ್ದದ್ದು ಕರೀದು, ಹಾಗಾದರೆ ಏನು ಬಿತ್ತಬೇಕು ಎಂಬುದಷ್ಟೇ ಅವರ ಚರ್ಚೆ. ಕರಿ ಕಾಳಿನ ಗುರೆಳ್ಳು ಎಂದು ತೀರ್ಮಾನವಾಯಿತು.

ಮಗಳ ಮನೆಯ ಮುಂದೆ ನಿಲ್ಲಿಸಿದೆ. ಗಂಟೆಯ ಸದ್ದಿಗೆ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಹೊರಗೆ ಬಂದ ಮಗಳು ಒಳಗೆ ಕೂತವರನ್ನು ನೋಡಿದಳು. ಮಗುವಿನ ಸಮೇತ ಓಡಿ ಬಂದು ಮೋಟಾರಿನ ಬಾಗಿಲು ಹಿಡಿದಳು. ಧಣಿಗಳು ಅವ್ವನನ್ನು ಇಳಿಸಿಕೊಳ್ಳಲು ಕೈ ಚಾಚಿದರು. ಅವ್ವಾರು ಇಳಿಯಲು ಒಲ್ಲೆ ಎಂದರು. ಇಷ್ಟು ವರ್ಷದಲ್ಲಿ ನೋವಿಲ್ಲದೆ ಕೂತದ್ದು ಇವತ್ತೇ, ಮಾತು ಇಲ್ಲಿಯೇ ಆಡೋಣ, ನೀನೇ ಹತ್ತು ಎಂದು ಮಗಳನ್ನು ಒಳಗೆ ಎಳೆದುಕೊಂಡರು.

ದೀಪ ಹಚ್ಚುವ ಹೊತ್ತಿನವರೆಗೂ ತಾಯಿ ಮಗಳು ಕೆಂಪು ಗಾದಿಯ ಮೇಲೆ ಕೂತು ಅತ್ತರು, ನಕ್ಕರು, ಹೋಳಿಗೆ ತಿಂದರು. ಮೊಮ್ಮಗಳು ದೀಪದ ಕೋಡುಬಳೆ ಕಿತ್ತುಕೊಂಡು, ಗಾದಿಯ ಮೇಲೆ ಕುಣಿದು, ಮನೆಯ ತುಪ್ಪದ ಕೈಯನ್ನು ತೊಗಲಿಗೆ ಒರೆಸಿದಳು. ನಾನು ಧಣಿಗಳ ಮುಖ ನೋಡಿದೆ. ಅವರು ತಂಗಿಯನ್ನೇ ನೋಡುತ್ತಿದ್ದರು.

ಕೊನೆಗೆ ಅವ್ವಾರು ಮಗನನ್ನು ಹತ್ತಿರ ಕರೆದರು. ದಸರೆ ಮುಗಿದ ಮೇಲೆ ಮತ್ತೆ ಬರೋಣ, ಇನ್ನು ಮೇಲೆ ತಿಂಗಳಿಗೊಮ್ಮೆ ಬರೋಣ ಎಂದರು. ಧಣಿಗಳು ಸಂತೋಷದಿಂದ ಆಗಲಿ ಎಂದರು. ಅವ್ವಾರು ಮೋಟಾರಿನ ಬಾಗಿಲನ್ನು ಪ್ರೀತಿಯಿಂದ ತಟ್ಟಿ, ದನಿ ತಗ್ಗಿಸಿ ಹೇಳಿದರು:

"ಅದಕ್ಕೂ ಮೊದಲ ಇದರ ಜೋಡಿ ಒಂದು ತಂದು ಬಿಡು. ಒಂಟೆತ್ತಿನ ಕಡಿಂದ ಇಷ್ಟ ದೂರ ಎಳಸಬಾರದು."